ಹೊಸ ರೋಪು, ಹಳೆಯ ರಾಟೆ

ಮೈಸೂರಿನ ವಾಯವ್ಯ ಅಂಚಿನಲ್ಲಿ, ಹೆಬ್ಬಾಳು, ಹೂಟಗಳ್ಳಿ, ಕೂರ್ಗಳ್ಳಿಗಳ ಉದ್ದಕ್ಕೂ ಹಬ್ಬಿರುವ ಕೈಗಾರಿಕಾ ಪ್ರದೇಶದಲ್ಲಿ ಮಧ್ಯಮ ಗಾತ್ರದ ಒಂದು ಫ್ಯಾಬ್ರಿಕೇಷನ್ ಕಾರ್ಖಾನೆ ಇದೆ. ದಪ್ಪ ಉಕ್ಕಿನ ತಗಡನ್ನು ಬಗ್ಗಿಸಿ, ಬೆಸೆದು, ದೊಡ್ಡ ತೊಟ್ಟಿಗಳನ್ನೂ ಚೌಕಟ್ಟುಗಳನ್ನೂ ಮಾಡುವುದು ಅಲ್ಲಿಯ ಕಸುಬು. ಮುಖ್ಯ ಶೆಡ್ಡಿನ ನೆತ್ತಿಯಲ್ಲಿ ಹಳಿಗಳ ಮೇಲೆ ಓಡಾಡುವ ಹತ್ತು ಟನ್ನಿನ ಕ್ರೇನು ಒಂದಿದೆ. ಆ ಕ್ರೇನಿನ ಉಕ್ಕಿನ ಹಗ್ಗ (ಅಲ್ಲಿಯವರ ಬಾಯಲ್ಲಿ ಅದು ರೋಪು) ಪದೇ ಪದೇ ಏಕೆ ಹಾಳಾಯಿತು, ಅದಕ್ಕಾಗಿ ಯಾರು ಯಾರು ದಂಡ ತೆತ್ತರು ಎಂಬುದೇ ಈ ಪ್ರಕರಣ. ಕಾರ್ಖಾನೆಯ ಹೆಸರನ್ನಾಗಲಿ ಮನುಷ್ಯರ ಹೆಸರನ್ನಾಗಲಿ ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿಯೂ ಇದ್ದೇನೆ. ಹೆಸರು ಹೇಳಿಬಿಟ್ಟರೆ ಓದುಗನಿಗೆ ಒಂದು ಅನುಕೂಲವಾಗುತ್ತದೆ. ತಪ್ಪು ಅವರದು ಎಂದುಕೊಂಡು ಪುಟ ಮಗುಚಬಹುದು. ಆ ಅನುಕೂಲವನ್ನು ಮಾಡಿಕೊಡಲು ನನಗೆ ಮನಸ್ಸಿಲ್ಲ.

ಕ್ರೇನು ಹೊಸದಾಗಿ ಬಂದಾಗ ಅದರ ಡ್ರಮ್ಮಿಗೆ ಸುತ್ತಿದ್ದ ರೋಪು 14 ಮಿಲಿಮೀಟರ್ ವ್ಯಾಸದ್ದು. ಆರು ಎಳೆ, ಒಂದೊಂದು ಎಳೆಯಲ್ಲಿ 36 ತಂತಿ, ನಡುವೆ ಉಕ್ಕಿನದೇ ತಿರುಳು. ಅದು ಏಳು ವರ್ಷ ಬಾಳಿತು. ಸವೆದು ತೆಳುವಾದಾಗ ನಿಯಮದಂತೆ ಇಳಿಸಿದರು. ಅದೇ ಅಳತೆಯ ಎರಡನೆಯ ರೋಪು ಮೂರು ವರ್ಷ ಬಂತು. ಮೂರನೆಯದು ಹನ್ನೊಂದು ತಿಂಗಳಲ್ಲಿ ಕೆಟ್ಟಿತು. ಈ ನಡುವೆ ಕ್ರೇನಿನ ಕೆಲಸ ಹೆಚ್ಚಿರಲಿಲ್ಲ, ಎತ್ತುವ ಭಾರವೂ ಹೆಚ್ಚಿರಲಿಲ್ಲ. ಖರೀದಿ ವಿಭಾಗದ ಮುಖ್ಯಸ್ಥರು "ಈಗಿನ ಮಾಲು ಮೊದಲಿನ ಹಾಗಿಲ್ಲ" ಎಂದರು. ಎಲ್ಲರೂ ತಲೆಯಾಡಿಸಿದರು. ಆ ಮಾತು ನಮ್ಮಲ್ಲಿ ಅಕ್ಕಿಯಿಂದ ಹಿಡಿದು ಅಳಿಯನವರೆಗೆ ಯಾವುದಕ್ಕೂ ಒಪ್ಪುವ ಮಾತು, ಪುರಾವೆ ಕೇಳುವವರಿಲ್ಲ. ವ್ಯಾಪಾರಿಯನ್ನು ಬದಲಿಸಿದರು. ಹೊಸ ವ್ಯಾಪಾರಿಯ ರೋಪು ಏಳೇ ತಿಂಗಳು ಬಂತು.

ಆಗ ನಡೆದ ಸಭೆಯಲ್ಲಿ ಮಾಲೀಕರು ಒಂದು ತೀರ್ಮಾನಕ್ಕೆ ಬಂದರು. 14ರದು ತಡೆಯುತ್ತಿಲ್ಲವಾದರೆ 16ರದು ಹಾಕಿ. ದಪ್ಪ ಹೆಚ್ಚಾದರೆ ಬಲ ಹೆಚ್ಚು, ಬಲ ಹೆಚ್ಚಾದರೆ ಬಾಳಿಕೆ ಹೆಚ್ಚು. ಈ ತರ್ಕದ ಮೊದಲ ಅರ್ಧ ಸರಿ. ಎರಡನೆಯ ಅರ್ಧ ತಪ್ಪು. ಸಭೆಯಲ್ಲಿದ್ದ ಐದು ಮಂದಿಯಲ್ಲಿ ಕನಿಷ್ಠ ಒಬ್ಬರಿಗೆ ಅದು ತಪ್ಪೆಂದು ಗೊತ್ತಿತ್ತು. ಅವರು ನಿರ್ವಹಣಾ ವಿಭಾಗದ ಹಿರಿಯರು. ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದವರು. ವ್ಯಾಪಾರಿಯೂ ಫೋನಿನಲ್ಲಿ ಒಮ್ಮೆ ಕೇಳಿದ್ದುಂಟು: "ಡ್ರಮ್ಮು, ರಾಟೆ ಎಲ್ಲ 16ಕ್ಕೆ ಹೊಂದುತ್ತಾ ಸಾರ್?" ಖರೀದಿಯವರು, "ಆರ್ಡರಲ್ಲಿ ಏನಿದೆಯೋ ಅದನ್ನ ಕಳಿಸ್ರೀ" ಎಂದರು. ವ್ಯಾಪಾರಿ ಕಳಿಸಿದ.

ಇಲ್ಲಿ ಕಥೆಯನ್ನು ನಿಲ್ಲಿಸಿ ರೋಪಿನ ಸ್ವಭಾವವನ್ನು ಸ್ವಲ್ಪ ನೋಡಬೇಕು. ಅದು ತಿಳಿಯದೆ ಈ ಮನುಷ್ಯರನ್ನು ತೂಗುವುದು ನ್ಯಾಯವಲ್ಲ.

ತಂತಿಯ ಹಗ್ಗ ಹುಟ್ಟಿದ್ದು ಗಣಿಯಲ್ಲಿ. ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಕ್ಲೌಸ್ಟಾಲ್‌ನಲ್ಲಿ ಗಣಿ ಅಧಿಕಾರಿಯಾಗಿದ್ದ ವಿಲ್ಹೆಲ್ಮ್ ಆಲ್ಬರ್ಟ್, ಅದುರು ಎತ್ತುವ ಸರಪಳಿಗಳು ಮೇಲಿಂದ ಮೇಲೆ ಕಡಿಯುವುದನ್ನು ಕಂಡು, 1834ರಲ್ಲಿ ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ಮಾಡಿ ಬಳಕೆಗೆ ತಂದ. ಸರಪಳಿಯಲ್ಲಿ ಒಂದು ಕೊಂಡಿ ಹೋದರೆ ಎಲ್ಲವೂ ಹೋಯಿತು, ಮುನ್ಸೂಚನೆ ಇಲ್ಲ. ಹಗ್ಗದಲ್ಲಿ ಒಂದು ತಂತಿ ಹೋದರೆ ಉಳಿದವು ಹೊರುತ್ತವೆ. ಅದು ಸಾಯುವ ಮೊದಲು ಹೇಳಿ ಸಾಯುತ್ತದೆ. ಕೇಳಿಸಿಕೊಳ್ಳುವವನಿದ್ದರೆ ಅಷ್ಟೆ.

ರೋಪು ಭಾರದಿಂದ ಸಾಯುವುದಕ್ಕಿಂತ ಹೆಚ್ಚಾಗಿ ಬಾಗುವಿಕೆಯಿಂದ ಸಾಯುತ್ತದೆ. ರಾಟೆಯ ಮೇಲೆ ಹತ್ತಿ ಇಳಿಯುವಾಗ ಪ್ರತಿ ತಂತಿಯೂ ಒಮ್ಮೆ ಬಾಗಿ, ಒಮ್ಮೆ ನೆಟ್ಟಗಾಗಿ, ದಣಿಯುತ್ತದೆ. ರಾಟೆ ಎಷ್ಟು ದೊಡ್ಡದೋ ದಣಿವು ಅಷ್ಟು ಕಡಿಮೆ. ಆದ್ದರಿಂದಲೇ ರಾಟೆಯ ವ್ಯಾಸ ರೋಪಿನ ವ್ಯಾಸದ ಎಷ್ಟು ಪಟ್ಟು ಎಂಬುದು ಈ ವಿದ್ಯೆಯ ಮೊದಲ ಲೆಕ್ಕ. ಇಂಥ ಕಾರ್ಖಾನೆಯ ಕ್ರೇನಿಗೆ ಇಪ್ಪತ್ತರ ಆಸುಪಾಸು. ಮನುಷ್ಯರು ಹತ್ತುವ ಲಿಫ್ಟಿಗೆ ನಲವತ್ತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಕೋಲಾರದ ಚಿನ್ನದ ಗಣಿಯಲ್ಲಿ ಬಾವಿಗಳ ತಲೆಯ ಮೇಲೆ ನಿಂತ ಆ ಭಾರಿ ಚಕ್ರಗಳನ್ನು ನಾವು ಹೋದ ಕಾಲದ ವೈಭವವೆಂದು ಫೋಟೊ ತೆಗೆಯುತ್ತೇವೆ. ಅವು ಅಷ್ಟು ದೊಡ್ಡವಾಗಿದ್ದದ್ದು ವೈಭವಕ್ಕಲ್ಲ. ಹಗ್ಗ ಬಾಳಲಿ, ಅದರ ತುದಿಯ ಪಂಜರದಲ್ಲಿ ಇಳಿದವರು ಸಂಜೆ ಮೇಲೆ ಬರಲಿ ಎಂದು.

ನಮ್ಮ ಕ್ರೇನಿನ ರಾಟೆ 280 ಮಿಲಿಮೀಟರಿನದು. 14ರ ರೋಪಿಗೆ ಅದು ಸರಿಯಾಗಿ 20 ಪಟ್ಟು. 16ರ ರೋಪಿಗೆ ಹದಿನೇಳೂವರೆ. ದಪ್ಪ ರೋಪು ಹಾಕಿದವರು ರೋಪಿನ ಬಲವನ್ನು ಹೆಚ್ಚಿಸಿದರು. ಅದೇ ಕೈಯಿಂದ ರಾಟೆಯನ್ನು ಚಿಕ್ಕದು ಮಾಡಿದರು.

ಎರಡನೆಯ ಲೆಕ್ಕ ಇನ್ನೂ ಸೂಕ್ಷ್ಮ. ರಾಟೆಯ ಅಂಚಿನಲ್ಲಿ ರೋಪು ಕೂರುವ ಗಾಡಿ (ಎಂದರೆ ತೋಡು) ಇರುತ್ತದಲ್ಲ, ಅದರ ತಳದ ತ್ರಿಜ್ಯ ರೋಪಿನ ವ್ಯಾಸದ ಅರ್ಧಕ್ಕಿಂತ ಚೂರು ಹೆಚ್ಚು, 0.53 ಪಟ್ಟಿನಷ್ಟು, ಇರಬೇಕು. 14ರ ರೋಪಿಗೆ ಸುಮಾರು ಏಳೂವರೆ ಮಿಲಿಮೀಟರ್. ಹಾಗಿದ್ದಾಗ ರೋಪಿನ ಸುತ್ತಳತೆಯ ಮೂರನೆಯ ಒಂದು ಭಾಗಕ್ಕೆ ಆಸರೆ ಸಿಗುತ್ತದೆ. ಗಾಡಿ ಅಗಲವಾದರೆ ರೋಪು ಆಸರೆಯಿಲ್ಲದೆ ಚಪ್ಪಟೆಯಾಗುತ್ತದೆ. ಕಿರಿದಾದರೆ ಎರಡೂ ಕಡೆಯಿಂದ ಹಿಸುಕಿಕೊಂಡು ಎಳೆಗಳು ಒಂದನ್ನೊಂದು ತಿಕ್ಕಿ, ತಿರುಳು ಪುಡಿಯಾಗುತ್ತದೆ. ಹೀಗೆ ಹಿಸುಕಿದ ರೋಪಿನ ತಂತಿಗಳು ಹೊರಮೈಯಲ್ಲಿ ತುಂಡಾಗುವುದಿಲ್ಲ. ಎಳೆ ಎಳೆಯ ನಡುವಿನ ಕಣಿವೆಯಲ್ಲಿ, ಒಳಗೆ, ಕಾಣದ ಹಾಗೆ ತುಂಡಾಗುತ್ತವೆ.

ಕಾರಣ ಅಡಗಿದ್ದದ್ದು ಇಲ್ಲೇ. ಹೊಸ ರೋಪು ಸಾಮಾನ್ಯವಾಗಿ ಹೆಸರಿಗಿಂತ ತುಸು ದಪ್ಪ. 14 ಎಂದು ಬರೆದ ರೋಪನ್ನು ಅಗಲ ಬಾಯಿಯ ವರ್ನಿಯರ್‌ನಿಂದ ಅಳೆದರೆ 14.4 ಬರಬಹುದು. ಬಳಸುತ್ತ ಬಳಸುತ್ತ ಅದು ತೆಳುವಾಗುತ್ತದೆ: 14, 13.6, 13.1. ತೆಳುವಾಗುವಾಗ ಸುಮ್ಮನಿರುವುದಿಲ್ಲ. ರಾಟೆಯ ಗಾಡಿಯನ್ನೂ ತನ್ನ ತೆಳುವಾದ ಅಳತೆಗೆ ಕೊರೆಯುತ್ತ ಹೋಗುತ್ತದೆ. ತನ್ನ ತಿರುಪಿನ ಅಚ್ಚನ್ನೂ ಅದರ ತಳದಲ್ಲಿ ಒತ್ತುತ್ತದೆ. ಏಳು ವರ್ಷದ ಕೊನೆಗೆ ರಾಟೆಯ ಗಾಡಿ ಮುದಿ ರೋಪಿಗೆ ಹೇಳಿಮಾಡಿಸಿದಂತೆ ಇರುತ್ತದೆ. ಆಗ ಹೊಸದನ್ನು ತಂದು ಹಾಕುತ್ತೇವೆ. ಇನ್ನೊಬ್ಬರು ವರ್ಷಗಟ್ಟಲೆ ಮೆಟ್ಟಿ ತಮ್ಮ ಪಾದಕ್ಕೆ ಒಗ್ಗಿಸಿಕೊಂಡ ಚಪ್ಪಲಿಯಲ್ಲಿ ನಮ್ಮ ಕಾಲಿಟ್ಟ ಹಾಗೆ. ಹೊಸ ರೋಪು ಮೊದಲ ದಿನದಿಂದಲೇ ಹಿಸುಕಿಕೊಳ್ಳುತ್ತದೆ, ಮೊದಲಿನದಕ್ಕಿಂತ ಬೇಗ ಸವೆಯುತ್ತದೆ, ಸವೆಯುತ್ತ ಗಾಡಿಯನ್ನು ಇನ್ನಷ್ಟು ಕೆಡಿಸುತ್ತದೆ. ಮೂರನೆಯದಕ್ಕೆ ಇನ್ನೂ ಕಷ್ಟ. ಏಳು ವರ್ಷ, ಮೂರು ವರ್ಷ, ಹನ್ನೊಂದು ತಿಂಗಳು, ಏಳು ತಿಂಗಳು ಎಂಬ ಸಂಖ್ಯೆಗಳ ಅರ್ಥ ಇದೇ. ಮಾಲು ಕೆಟ್ಟಿರಲಿಲ್ಲ. ದಾರಿ ಕೆಟ್ಟಿತ್ತು.

ನಿರ್ವಹಣೆಯ ಹಿರಿಯರಿಗೆ ಇದು ತಿಳಿಯದ್ದಲ್ಲ. ಎರಡನೆಯ ರೋಪು ಇಳಿಸಿದ ದಿನವೇ ಅವರು ಪುಸ್ತಕದಲ್ಲಿ ಬರೆದಿದ್ದರು: "ರಾಟೆ ಗಾಡಿ ಸವೆದಿದೆ. ಗೇಜು ಹಾಕಿ ನೋಡಿ ಬದಲಿಸುವುದು ಒಳ್ಳೆಯದು." ಮುಂದಿನ ತಿಂಗಳ ಪುಟದಲ್ಲೂ ಅದೇ ಸಾಲು ಇದೆ. ಅದರ ಮುಂದಿನ ತಿಂಗಳೂ ಇದೆ. ಆರೇಳು ತಿಂಗಳಾದ ಮೇಲೆ ಆ ಸಾಲು "ರಾಟೆ — ಮೇಲಿನಂತೆ" ಎಂದಾಯಿತು. ವರ್ಷ ಕಳೆಯುವುದರೊಳಗೆ ಮೇಲಿನಂತೆ ಎಂಬುದೂ ಹೋಗಿ ಎರಡು ಚುಕ್ಕೆಗಳ ಗುರುತು ಮಾತ್ರ ಉಳಿಯಿತು. ಆ ಪುಸ್ತಕದ ಪುಟಗಳನ್ನು ತಿರುವಿದವರಿಗೆ ಒಂದು ಎಚ್ಚರಿಕೆ ಹೇಗೆ ಕ್ರಮೇಣ ಚುಕ್ಕೆಯಾಗುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಅವರೇಕೆ ಒತ್ತಾಯಿಸಲಿಲ್ಲ? ಅವರ ಪರವಾಗಿ ಹೇಳಬೇಕಾದದ್ದನ್ನು ಹೇಳಿಬಿಡೋಣ. ಆ ಕಾರ್ಖಾನೆಯ ಲೆಕ್ಕದಲ್ಲಿ ರೋಪು ಖರ್ಚಿನ ಸಾಮಾನು: ಗ್ರೀಸು, ಬೆಸುಗೆ ಕಡ್ಡಿ, ಕೈಗವಸುಗಳ ಸಾಲಿನಲ್ಲಿ ಬರುತ್ತದೆ. ವಿಭಾಗದ ಮುಖ್ಯಸ್ಥರ ಸಹಿ ಸಾಕು. ರಾಟೆ ಯಂತ್ರದ ಭಾಗ, ಎಂದರೆ ಆಸ್ತಿ. ಅದನ್ನು ಬದಲಿಸಲು ಮೂರು ಕಡೆಯಿಂದ ದರಪಟ್ಟಿ ತರಿಸಬೇಕು, ಕಾರಣ ಬರೆಯಬೇಕು, ಮಾಲೀಕರ ಮಂಜೂರಾತಿ ಬೇಕು. ಕ್ರೇನು ಒಂದು ವಾರವಾದರೂ ನಿಲ್ಲಬೇಕು. ಕ್ರೇನು ನಿಂತರೆ ಶೆಡ್ಡು ನಿಲ್ಲುತ್ತದೆ. ರೋಪನ್ನಾದರೋ ಭಾನುವಾರ ಬೆಳಿಗ್ಗೆ ಆರಂಭಿಸಿದರೆ ಊಟದ ಹೊತ್ತಿಗೆ ಹಾಕಿ ಮುಗಿಸಬಹುದು. ಹೀಗಾಗಿ ಪ್ರತಿ ಸಲ ರೋಗ ಯಾವುದು ಎಂಬ ಪ್ರಶ್ನೆಗೆ ಉತ್ತರವನ್ನು ಕೊಡುತ್ತಿದ್ದದ್ದು ರೋಪೂ ಅಲ್ಲ, ರಾಟೆಯೂ ಅಲ್ಲ, ಮಂಜೂರಾತಿಯ ನಿಯಮ. ಯಾವುದನ್ನು ಕೆಳಗಿನ ಸಹಿಯಲ್ಲಿ ಬದಲಿಸಬಹುದೋ ಅದೇ ಕೆಟ್ಟಿದೆ ಎಂದು ತೀರ್ಮಾನವಾಗುತ್ತಿತ್ತು.

ಈ ನಡುವೆ ಆಯುಧಪೂಜೆಗಳು ಬಂದು ಹೋದವು. ಮೈಸೂರಿನ ಕಾರ್ಖಾನೆಗಳಲ್ಲಿ ಅದು ಸಣ್ಣ ಹಬ್ಬವಲ್ಲ. ಹಿಂದಿನ ದಿನವೇ ಯಂತ್ರಗಳನ್ನು ಒರೆಸಿ, ಬಣ್ಣ ಬಳಿದು, ಬಾಳೆಕಂದು ಕಟ್ಟುತ್ತಾರೆ. ಆ ಕ್ರೇನಿಗೂ ಪೂಜೆಯಾಗುತ್ತಿತ್ತು. ಹುಕ್ಕನ್ನು ಎದೆಯೆತ್ತರಕ್ಕೆ ಇಳಿಸಿ, ಸೇವಂತಿಗೆ ಹಾರ ಹಾಕಿ, ನಿಂಬೆಹಣ್ಣು ಕಟ್ಟಿ, ಹುಕ್ಕಿನ ಮೇಲಿನ ಪೆಟ್ಟಿಗೆಯ ಹಳದಿ ಮುಚ್ಚಳಕ್ಕೆ ವಿಭೂತಿ ಪಟ್ಟೆ ಎಳೆದು ಕುಂಕುಮ ಇಡುತ್ತಿದ್ದರು. ಕುಂಬಳಕಾಯಿ ಒಡೆಯುತ್ತಿದ್ದರು. ಸವೆದ ರಾಟೆಗಳು ಇದ್ದದ್ದು ಆ ಮುಚ್ಚಳದ ಹಿಂದೆ. ನಾಲ್ಕು ಬೋಲ್ಟು ಬಿಚ್ಚಿದ್ದರೆ ಕಾಣುತ್ತಿತ್ತು. ಪೂಜೆಯನ್ನು ನಾನು ಹಳಿಯುತ್ತಿಲ್ಲ; ವರ್ಷಕ್ಕೊಮ್ಮೆಯಾದರೂ ಯಂತ್ರದ ಮುಂದೆ ನಿಂತು ಕೈಮುಗಿಯುವುದು, ಎಂದೂ ತಿರುಗಿ ನೋಡದಿರುವುದಕ್ಕಿಂತ ಮೇಲು. ಆದರೆ ಆಯುಧವನ್ನು ಪೂಜಿಸುವವನು ಮೊದಲು ಅದರ ಅಲಗನ್ನು ಪರೀಕ್ಷಿಸುತ್ತಿದ್ದ ಎಂಬುದನ್ನು ಈ ಊರಿನವರಿಗೆ ನಾನು ಹೇಳಬೇಕಾಗಿಲ್ಲ.

ಇನ್ನು ಕಾನೂನು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯಿದೆಯ 29ನೆಯ ಕಲಮು ಸ್ಪಷ್ಟವಾಗಿತ್ತು. ಎತ್ತುವ ಯಂತ್ರದ, ಚಲಿಸುವ ಮತ್ತು ಚಲಿಸದ ಎಲ್ಲ ಭಾಗಗಳೂ, ಜೊತೆಗೆ ಅದರ ಸರಪಳಿ ಹಗ್ಗಗಳೂ ಗಟ್ಟಿಯಾಗಿ, ದೋಷವಿಲ್ಲದೆ ಇರಬೇಕು, ಹನ್ನೆರಡು ತಿಂಗಳಿಗೆ ಒಮ್ಮೆಯಾದರೂ ಸಮರ್ಥ ವ್ಯಕ್ತಿಯಿಂದ ಕೂಲಂಕಷ ಪರೀಕ್ಷೆಯಾಗಬೇಕು, ಅದು ದಾಖಲಾಗಬೇಕು. ಪರೀಕ್ಷೆ ಪ್ರತಿವರ್ಷವೂ ಆಯಿತು. ಬಂದವರು ಅರ್ಹರೇ. ಒಂದೇ ದಿನದಲ್ಲಿ ಹಲವು ಕಾರ್ಖಾನೆ ಮುಗಿಸಬೇಕಾದವರು. ಭಾರ ಎತ್ತಿಸಿ ನೋಡಿದರು, ಬ್ರೇಕು ನೋಡಿದರು, ಹುಕ್ಕಿನ ಬಾಯಿ ಅಳೆದರು. ರೋಪಿಗೆ ಹಳೆಯ ಬಟ್ಟೆಯೊಂದನ್ನು ಹಿಡಿದು ಮೆಲ್ಲಗೆ ಓಡಿಸಿದರು. ತುಂಡಾದ ತಂತಿ ಇದ್ದರೆ ಬಟ್ಟೆಗೆ ಸಿಕ್ಕಿಕೊಳ್ಳಬೇಕು. ಸಿಕ್ಕಿಕೊಳ್ಳಲಿಲ್ಲ. ತಂತಿಗಳು ತುಂಡಾಗುತ್ತಿದ್ದದ್ದು ಒಳಗೆ. ಪ್ರಮಾಣಪತ್ರಕ್ಕೆ ಸಹಿ ಬಿತ್ತು. ಆ ಪತ್ರದಲ್ಲಿ ರಾಟೆಗೆ ಪ್ರತ್ಯೇಕ ಕಾಲಂ ಇರಲಿಲ್ಲ. "ಇತರ ಭಾಗಗಳು: ತೃಪ್ತಿಕರ" ಎಂಬಲ್ಲಿ ಅದೂ ಸೇರಿಹೋಯಿತು.

16ರ ರೋಪು ಹಾಕಿ ನಾಲ್ಕನೆಯ ತಿಂಗಳು. ಡ್ರಮ್ಮಿನ ಮೇಲೆ ಸುತ್ತಿನಿಂದ ಸುತ್ತಿಗೆ ಇದ್ದ ಅಂತರ 16 ಮಿಲಿಮೀಟರ್. ಅದು 14ರ ರೋಪಿಗೆಂದು ಕೊರೆದದ್ದು. ಈಗ ಪಕ್ಕಪಕ್ಕದ ಸುತ್ತುಗಳು ಒಂದನ್ನೊಂದು ಉಜ್ಜುತ್ತ ಕೂರುತ್ತಿದ್ದವು. ಕ್ರೇನಿನ ಆಪರೇಟರ್, ಗುತ್ತಿಗೆಯ ಮೇಲೆ ಒಂಬತ್ತು ವರ್ಷದಿಂದ ಅದೇ ಕ್ಯಾಬಿನ್ನಿನಲ್ಲಿ ಕೂತವನು, ಎರಡು ಸಲ ಸೂಪರ್‌ವೈಸರ್‌ಗೆ ಹೇಳಿದ್ದ: "ಸುತ್ತೋವಾಗ ಕರಕರ ಅಂತಿದೆ ಸಾರ್." ಗ್ರೀಸು ಹಚ್ಚಿಸಿದರು. ಒಂದು ಮಧ್ಯಾಹ್ನ ಆರು ಟನ್ನಿನ ಚೌಕಟ್ಟನ್ನು ಮೊಣಕಾಲೆತ್ತರದ ಸ್ಟ್ಯಾಂಡಿನ ಮೇಲೆ ಇಳಿಸುವಾಗ ಹುಕ್ಕಿನ ಮೇಲಿನ ರಾಟೆಯ ಬಳಿ ಒಂದು ಎಳೆ ಕಡಿದು, ಬಿಚ್ಚಿಕೊಂಡು, ಮುಚ್ಚಳಕ್ಕೆ ಸಿಕ್ಕಿಹಾಕಿಕೊಂಡಿತು. ಭಾರ ಬೀಳಲಿಲ್ಲ. ಜಗ್ಗಿ ವಾಲಿತು. ಸ್ಟ್ಯಾಂಡು ಪಕ್ಕಕ್ಕೆ ಹೊರಳಿತು. ಚೌಕಟ್ಟನ್ನು ಕೈಯಿಂದ ಹಿಡಿದು ಸರಿದೂಗಿಸುತ್ತಿದ್ದ ಹೆಲ್ಪರ್ ಹುಡುಗನ ಎಡಗಾಲು ಅದರಡಿ ಸಿಕ್ಕಿತು. ಎರಡು ಬೆರಳು ಹೋದವು. ಅವನು ಅಲ್ಲಿ ನಿಲ್ಲಬಾರದಿತ್ತು. ದೂರದಿಂದ ಹಗ್ಗ ಕಟ್ಟಿ ತಿರುಗಿಸಬೇಕೆಂಬುದು ನಿಯಮ. ಆ ನಿಯಮವನ್ನು ಅವನಿಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಕೈಯಿಂದ ಹಿಡಿದರೆ ಬೇಗ ಆಗುತ್ತದೆ ಎಂಬುದನ್ನು ಮಾತ್ರ ಎಲ್ಲರೂ ಹೇಳಿಕೊಟ್ಟಿದ್ದರು.

ಒಳ ತನಿಖೆ ನಡೆಯಿತು. ಮೂರು ಪುಟದ ವರದಿ. ಕಾರಣಗಳು ಎರಡು: ಆಪರೇಟರ್ ಭಾರವನ್ನು ಜರ್ಕು ಕೊಟ್ಟು ನಿರ್ವಹಿಸಿದ್ದು, ರೋಪು ಕಳಪೆಯಾಗಿದ್ದದ್ದು. ಕ್ರಮಗಳೂ ಎರಡು: ಆಪರೇಟರನ ಗುತ್ತಿಗೆಯನ್ನು ನವೀಕರಿಸಲಿಲ್ಲ, ವ್ಯಾಪಾರಿಗೆ ಕೊಡಬೇಕಾದ ಹಣ ತಡೆಹಿಡಿದರು. ಗಮನಿಸಿ: ಆಪರೇಟರನೂ ರೋಪಿನಂತೆಯೇ ಕೆಳಗಿನ ಸಹಿಯಲ್ಲಿ ಬದಲಿಸಬಹುದಾದವನು.

ಸತ್ಯ ಹೊರಬಂದದ್ದು ಯಾರ ಧರ್ಮಬುದ್ಧಿಯಿಂದಲೂ ಅಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ವ್ಯಾಪಾರಿಗೆ ತನ್ನ ಹಣ ಬೇಕಿತ್ತು. ಅವನು ರೋಪಿನ ಕೆಡದ ಭಾಗದಿಂದ ಒಂದು ತುಂಡನ್ನು ಪ್ರಯೋಗಾಲಯಕ್ಕೆ ಕಳಿಸಿದ. ಪ್ರಮಾಣಪತ್ರದಲ್ಲಿ ಹೇಳಿದ್ದಕ್ಕಿಂತ ಹೆಚ್ಚೇ ಭಾರ ತಡೆದು ಅದು ಕಡಿಯಿತು. ಬಳಿಕ ತನ್ನ ಕಡೆಯ ಹಳೆಯ ತಂತ್ರಜ್ಞನೊಬ್ಬನನ್ನು ಕಾರ್ಖಾನೆಗೆ ಕರೆತಂದ. ಆತ ನಾಲ್ಕು ಬೋಲ್ಟು ಬಿಚ್ಚಿ ಮುಚ್ಚಳ ತೆಗೆದು, ರಾಟೆಯ ಗಾಡಿಯ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ಜೇಬಿನಿಂದ ಗೇಜು ತೆಗೆದ. ಅದೊಂದು ತೆಳು ತಗಡಿನ ಬಿಲ್ಲೆ. ಅಂಚು ಅರ್ಧ ವೃತ್ತ. ಸರಿಯಾದ ಗಾಡಿಯಲ್ಲಿ ಅದು ತಳಕ್ಕೆ ಕೂರುತ್ತದೆ. ಇಲ್ಲಿ ಕೂರಲಿಲ್ಲ. ಎರಡು ಪಕ್ಕೆಗಳಿಗೆ ಒರಗಿ ನಿಂತಿತು. ಕೆಳಗೆ ಟಾರ್ಚು ಹಿಡಿದಾಗ ಬಿಲ್ಲೆಗೂ ತಳಕ್ಕೂ ನಡುವೆ ಬೆಳಕಿನ ಸಣ್ಣ ಗೆರೆ ಕಂಡಿತು. ಏಳೂವರೆ ಇರಬೇಕಾದ ತ್ರಿಜ್ಯ 6.7ಕ್ಕೆ ಇಳಿದಿತ್ತು, ತಳದಲ್ಲಿ ಹಳೆಯ ರೋಪಿನ ಎಳೆಗಳ ಅಚ್ಚು ಓರೆ ಓರೆಯಾಗಿ ಬೆರಳಿಗೆ ತಾಗುತ್ತಿತ್ತು. ಕಡಿದ ರೋಪನ್ನು ಬಿಚ್ಚಿ ತೋರಿಸಿದ: ಹೊರಗೆ ಗ್ರೀಸು, ಒಳಗೆ ಒಣಗಿದ ಕೆಂಪು ಹುಡಿ. ಇಷ್ಟಕ್ಕೆಲ್ಲ ಹಿಡಿದದ್ದು ಅರ್ಧ ಗಂಟೆ.

ಮಾಲೀಕರು ಒಳ್ಳೆಯವರು, ಅಥವಾ ಲೆಕ್ಕ ಬಲ್ಲವರು. ರಾಟೆಗಳನ್ನು ಗಟ್ಟಿ ಉಕ್ಕಿನವಕ್ಕೆ ಬದಲಿಸಿದರು, ಡ್ರಮ್ಮನ್ನು ಅಳೆಸಿದರು, 14ರ ರೋಪಿಗೆ ಮರಳಿದರು. ವ್ಯಾಪಾರಿಗೆ ಹಣ ಸಂದಿತು. ಹುಡುಗನಿಗೆ ಕಾನೂನಿನಂತೆ ಸಿಗಬೇಕಾದದ್ದು ಸಿಕ್ಕಿತು; ಈಗ ಉಗ್ರಾಣದಲ್ಲಿ ಕೆಲಸ. ಹೊಸ ರೋಪು ಮೂರನೆಯ ವರ್ಷದಲ್ಲಿದೆ.

ಇವರಲ್ಲಿ ತಪ್ಪಿತಸ್ಥರು ಯಾರು? ಖರೀದಿಯವರು ವ್ಯಾಪಾರಿ ಕೇಳಿದ ಪ್ರಶ್ನೆಯನ್ನು ಅದುಮಿದರು. ಆದರೆ ಅವರ ಕೆಲಸವನ್ನು ಅಳೆಯುತ್ತಿದ್ದದ್ದು ದರದಿಂದ, ಬಾಳಿಕೆಯಿಂದಲ್ಲ. ಪರೀಕ್ಷಕರು ಸಹಿ ಹಾಕಿದರು. ಕಾನೂನು ಹೇಳಿದ "ಎಲ್ಲ ಭಾಗ"ವನ್ನು ನಮೂನೆ ಹೇಳಿದ "ಇತರ ಭಾಗ"ಕ್ಕೆ ಇಳಿಸಿಕೊಂಡರು. ವ್ಯಾಪಾರಿ ಸರಿಯಾದ ಪ್ರಶ್ನೆ ಕೇಳಿದ. ತಪ್ಪು ಉತ್ತರ ಬಂದಾಗ ಮಾಲು ಕಳಿಸಿದ. ಇವರೆಲ್ಲರಿಗಿಂತ ಹೆಚ್ಚು ಹೊಣೆಯನ್ನು ನಾನು ನಿರ್ವಹಣೆಯ ಹಿರಿಯರ ಮೇಲೆ ಹೊರಿಸುತ್ತೇನೆ. ಹಲವರಿಗೆ ಇದು ಕಠಿಣವೆನಿಸಬಹುದು. ಬರೆದಿಟ್ಟವರು ಅವರೊಬ್ಬರೇ ಅಲ್ಲವೇ? ಹೌದು, ಅದಕ್ಕೇ. ತಿಳಿಯದವನ ಮೌನ ಅಜ್ಞಾನ. ತಿಳಿದವನು ಒಮ್ಮೆ ಬರೆದು, ಬರೆದದ್ದರಿಂದಲೇ ತನ್ನ ಕರ್ತವ್ಯ ತೀರಿತೆಂದುಕೊಂಡರೆ, ಆ ಬರಹ ಮುಂದೆ ಅವನ ರಕ್ಷಣೆಗೆ ಇಟ್ಟುಕೊಂಡ ಚೀಟಿಯಾಗುತ್ತದೆಯೇ ಹೊರತು ಹುಡುಗನ ಕಾಲಿಗೆ ರಕ್ಷಣೆಯಾಗುವುದಿಲ್ಲ. 16ರ ರೋಪು ತೀರ್ಮಾನವಾದ ಸಭೆಯಲ್ಲಿ ಅವರು ಕೂತಿದ್ದರು. ಒಂದು ಮಾತು ಆಡಬಹುದಿತ್ತು. ಆಡಿದ್ದರೆ ಮಾಲೀಕರು ಕೇಳುತ್ತಿದ್ದರು ಎಂದು ಹೇಳಲಾರೆ. ಮೂವತ್ತು ವರ್ಷ ತಮ್ಮ ಮಾತು ಖರ್ಚಿನ ಮುಂದೆ ಸೋಲುವುದನ್ನು ಕಂಡವರು ಅವರು. ಆ ದಣಿವನ್ನು ನಾನು ಅರಿಯಬಲ್ಲೆ. ಮನ್ನಿಸಲಾರೆ.

ಈಗ ನಮ್ಮ ಕಡೆಗೆ ತಿರುಗೋಣ. ಶಾಲೆಯ ಫಲಿತಾಂಶ ಕುಸಿದರೆ ಮುಖ್ಯೋಪಾಧ್ಯಾಯರ ವರ್ಗ. ಬಸ್ಸು ಹಳ್ಳಕ್ಕೆ ಇಳಿದರೆ ಡ್ರೈವರಿನ ಅಮಾನತು. ಕಚೇರಿಯಲ್ಲಿ ಕಡತ ಕೊಳೆತರೆ ಗುಮಾಸ್ತನಿಗೆ ನೋಟೀಸು. ಬದಲಿಸಲು ಸುಲಭವಾದದ್ದನ್ನೇ ನಾವು ಕೆಟ್ಟದ್ದೆಂದು ಸಾರುತ್ತೇವೆ. ಅದು ಕೆಲವೊಮ್ಮೆ ನಿಜವಾಗಿಯೂ ಕೆಟ್ಟಿರುತ್ತದೆ. ಆ ರೋಪುಗಳೂ ಕೆಟ್ಟಿದ್ದವಲ್ಲವೇ? ಅವನ್ನು ಕೆಡಿಸಿದ್ದು ಯಾವುದು ಎಂದು ಕೇಳಲು ಮುಚ್ಚಳ ಬಿಚ್ಚಬೇಕು, ಕೆಲಸ ನಿಲ್ಲಿಸಬೇಕು, ಮೇಲಿನವರ ಸಹಿ ಕೇಳಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲೇ ವಾರದೊಳಗೆ ತಡೆಗೋಡೆ ಇಳಿಸಿದ ತಂತ್ರಜ್ಞರ ಸಾಹಸವನ್ನು ನಾಡೇ ಕೊಂಡಾಡಿತು. ಕೊಂಡಾಡತಕ್ಕದ್ದೇ. ಆದರೆ ಎಪ್ಪತ್ತು ವರ್ಷ ದಾಟಿದ ಆ ಅಣೆಯಲ್ಲಿ ಪ್ರಶ್ನೆ ಒಂದು ಸರಪಳಿಯದಾಗಿರಲಿಲ್ಲ, 33 ಗೇಟುಗಳದಾಗಿತ್ತು. ಆ ದೊಡ್ಡ ಪ್ರಶ್ನೆ ಮೇಲೇಳಲು ಒಂದು ಗೇಟು ಹೊಳೆಪಾಲಾಗಬೇಕಾಯಿತು.

ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ಗಾಡಿ ಕಿರಿದಾಗುವ ಬಗೆ. ರಾಟೆಯನ್ನು ಕೆಡಿಸಿದ್ದು ಯಾವ ದುಷ್ಟ ರೋಪೂ ಅಲ್ಲ. ಏಳು ವರ್ಷ ನಿಷ್ಠೆಯಿಂದ ದುಡಿದ ಮೊದಲನೆಯದೇ. ಅದು ದಿನದಿನವೂ ಚೂರು ಚೂರು ತೆಳುವಾಯಿತು, ತನ್ನ ತೆಳುವಿಗೆ ತಕ್ಕಂತೆ ದಾರಿಯನ್ನು ಕೊರೆಯಿತು. ನಮ್ಮ ಕಚೇರಿಗಳಲ್ಲಿ, ಕಾಲೇಜುಗಳಲ್ಲಿ, ಮನೆಗಳಲ್ಲಿ ನಡೆಯುವುದೂ ಇದೇ. ಹೊಂದಿಕೊಂಡು ಹೋಗುವ ಒಳ್ಳೆಯ ಜನ ಇಪ್ಪತ್ತು ವರ್ಷ ಹೊಂದಿಕೊಂಡು, ಹೊಂದಿಕೊಂಡು, ತಮ್ಮ ಗಾತ್ರವನ್ನು ಕಳೆದುಕೊಳ್ಳುತ್ತಾರೆ. ಕೊನೆಗೆ ಅವರ ಸವೆದ ಅಳತೆಯೇ ಸಂಸ್ಥೆಯ ಅಳತೆಯಾಗುತ್ತದೆ. ಆಮೇಲೆ ಹೊಸಬಳೊಬ್ಬಳು ಬರುತ್ತಾಳೆ, ಪೂರ್ಣ ಗಾತ್ರದವಳು: ಕಡತ ಓದಿ ಸಹಿ ಮಾಡುವ ಅಧಿಕಾರಿ, ಪಾಠ ಮಾಡಲೆಂದೇ ಬಂದ ಅಧ್ಯಾಪಕಿ, ತನ್ನ ಅಭಿಪ್ರಾಯವಿರುವ ಸೊಸೆ. ಆರು ತಿಂಗಳಲ್ಲಿ ಅವಳ ಒಳಗೆ ಏನೋ ತುಂಡಾಗತೊಡಗುತ್ತದೆ, ಹೊರಗೆ ಕಾಣುವುದಿಲ್ಲ. ವರ್ಷದಲ್ಲಿ ಬಿಟ್ಟುಹೋದರೆ ನಾವು ಹೇಳುವುದೇನು? ಈಗಿನವರಲ್ಲಿ ತಾಳ್ಮೆ ಇಲ್ಲ. ಮಾಲು ಮೊದಲಿನ ಹಾಗಿಲ್ಲ.

ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಸಾಧಾರಣ ಮನುಷ್ಯರು ತಡೆಯುತ್ತಿಲ್ಲವಾದರೆ ಖಡಕ್ ಅಧಿಕಾರಿಯನ್ನು ಹಾಕಿ ಎನ್ನುತ್ತೇವೆ. ಅದು 16ರ ರೋಪು. ಅದೇ ಕಿರಿದಾದ ಗಾಡಿ, ಅದೇ ಚಿಕ್ಕ ರಾಟೆ, ಇನ್ನೂ ದಪ್ಪ ಮನುಷ್ಯ. ಅವನು ಬಂದ ದಿನ ಹಾರ, ನಾಲ್ಕನೆಯ ತಿಂಗಳಲ್ಲಿ ವರ್ಗ. ನಡುವೆ ಕಾಲು ಕಳೆದುಕೊಳ್ಳುವವನು ಪಕ್ಕದಲ್ಲಿ ನಿಂತಿದ್ದ ಯಾರೋ ಹುಡುಗ.

ಆ ಕಾರ್ಖಾನೆಯ ಇಂದಿನ ಸ್ಥಿತಿಯನ್ನು ಹೇಳಿ ಮುಗಿಸುತ್ತೇನೆ. ವಾರ್ಷಿಕ ಪರೀಕ್ಷೆಯ ನಮೂನೆಗೆ ಅವರು ತಾವಾಗಿಯೇ ಒಂದು ಸಾಲು ಸೇರಿಸಿದರು: ರಾಟೆ ಗಾಡಿಯ ತ್ರಿಜ್ಯ, ಮಿಲಿಮೀಟರಿನಲ್ಲಿ. ಮೊದಲ ವರ್ಷ ಆ ಜಾಗದಲ್ಲಿ "ಸರಿ ಇದೆ" ಎಂದು ತುಂಬಿ ಬಂತು. ಹೊಸದಾಗಿ ಬಂದಿದ್ದ ನಿರ್ವಹಣಾ ಎಂಜಿನಿಯರ್, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಅದನ್ನು ಹಾಗೆಯೇ ಹಿಂದಿರುಗಿಸಿ, ಅಂಕಿ ಬರೆಯಿರಿ ಎಂದಳು. ಎರಡು ದಿನ ಬಿಟ್ಟು 7.5 ಎಂಬ ಅಂಕಿ ಬಂತು. ಆಪರೇಟರ್ ಈಗ ನಂಜನಗೂಡಿನ ಬಳಿ ಬೇರೊಂದು ಕಡೆ ಕೆಲಸದಲ್ಲಿದ್ದಾನೆ. ಮರಳಿ ಕರೆದರು, ಬರಲಿಲ್ಲ. ಅವನು ಕೇಳಿದ್ದು ಒಂದನ್ನೇ: ಜರ್ಕು ಕೊಟ್ಟ ಎಂದು ಬರೆದ ವರದಿಯನ್ನು ತಿದ್ದಿ, ಅದರ ಪ್ರತಿ ಕೊಡಿ. ಆಡಳಿತದವರು ಸಹಾನುಭೂತಿಯಿಂದಲೇ ಕಡತ ತೆಗೆದು ನೋಡಿದರು. ಮುಗಿದ ತನಿಖೆಯನ್ನು ಮತ್ತೆ ತೆರೆಯಲು ಅವರ ನಿಯಮಗಳಲ್ಲಿ ಕಲಮು ಇಲ್ಲ. ಒಂದು ಕಲಮು ಸೇರಿಸಬೇಕಾದರೆ ಮಾಲೀಕರ ಮಂಜೂರಾತಿ ಬೇಕು. ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಲಾಗಿದೆ.